ವಾಂಟೂ ಪರ್ವತಕ್ಕೆ ಹೋಗುವವರು ಸೋ ಊರಿನ ಕಡೆಯಿಂದ ಹತ್ತಿ

ಮಾಂಟ್ ವಾಂಟೂ ಹತ್ತಬೇಕೆಂದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ಗೆ ಬರುವ ಸೈಕಲ್ ಸವಾರರು ಬಹಳ ಮಂದಿ ಬೆಡ್ವಾಂ ಊರಿನಲ್ಲಿ ತಂಗಿ, ಬೆಳಗಾಗುತ್ತಲೇ ಅಲ್ಲಿಂದ ನೇರವಾಗಿ ಏರತೊಡಗುತ್ತಾರೆ. ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಿಂದಾಗಿ ಹೆಸರಾದ ದಾರಿ ಅದು. 21 ಕಿ.ಮೀ. ಒಳಗೆ ಸುಮಾರು 1,600 ಮೀಟರ್ ಏರಿಕೆ. ನನಗೆ ಐವತ್ತನಾಲ್ಕು ವರ್ಷ, ಪಂದ್ಯದ ಸವಾರಳಲ್ಲ. ಆ ದಾರಿಯನ್ನು ಇಳಿಯುವುದಕ್ಕೆ ಮಾತ್ರ ಇಟ್ಟುಕೊಂಡೆ. ಹತ್ತಿದ್ದು ಸುತ್ತು ಬಳಸಿ: ಬೆಡ್ವಾಂನಿಂದ ವಿಲ್-ಸುರ್-ಓಝೋಂ, ನೆಸ್ಕ್ ಕಣಿವೆ, ಸೋ, ಷಾಲೆ ರೆನಾರ್ (ಶಿಖರಕ್ಕೆ ಆರು ಕಿ.ಮೀ. ಮೊದಲು ರಸ್ತೆಗಳು ಕೂಡುವ ಜಾಗ), ಶಿಖರ, ಮತ್ತೆ ಬೆಡ್ವಾಂ. ಒಟ್ಟು ಸುಮಾರು 85 ಕಿ.ಮೀ. ಸೆಪ್ಟೆಂಬರ್ ಎರಡನೆಯ ವಾರದ ಒಂದು ಬುಧವಾರ ನನ್ನ ತಮ್ಮನೂ ನಾನೂ ಹೋದೆವು.

ಈ ಸುತ್ತಿನಲ್ಲಿ ನನ್ನ ಮನಸ್ಸು ಗೆದ್ದಿದ್ದು ಶಿಖರವಲ್ಲ, ನೆಸ್ಕ್ ಕಣಿವೆ. ಹಾಗಾಗಿ ಅದನ್ನೇ ಹೆಚ್ಚು ಬರೆಯುತ್ತೇನೆ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ಮೊದಲ ಹತ್ತು ಹನ್ನೆರಡು ಕಿ.ಮೀ. ದ್ರಾಕ್ಷಿ ತೋಟಗಳ ನಡುವೆ. ಕೊಯ್ಲಿನ ಕಾಲ, ರಸ್ತೆಯ ಮೇಲೆ ಅಲ್ಲಲ್ಲಿ ಟ್ರ್ಯಾಕ್ಟರ್‌ಗಳು ಬಿಟ್ಟುಹೋದ ಕೆಂಪು ಮಣ್ಣು ಹೆಪ್ಪುಗಟ್ಟಿತ್ತು; ತೆಳ್ಳನೆಯ ಟೈರ್‌ನವರು ತಿರುವುಗಳಲ್ಲಿ ನೋಡಿಕೊಂಡು ಹೋಗಬೇಕು. ವಿಲ್-ಸುರ್-ಓಝೋಂನಲ್ಲಿ ಎರಡೂ ಬಾಟಲಿಗಳನ್ನು ತುಂಬಿಸಿಕೊಳ್ಳಿ. ಊರ ಕಾರಂಜಿಯ ನೀರನ್ನು ಹಿಡಿಯುವ ಮೊದಲು ಬೋರ್ಡ್ ಓದಿ: ‘ನೋಂ ಪೊಟಾಬ್ಲ್’ ಎಂದಿದ್ದರೆ ಅದು ಕುಡಿಯುವ ನೀರಲ್ಲ. ಮುಂದೆ ಮೊನಿಯೂ ಊರು ಬರುವವರೆಗೆ ಕಣಿವೆಯೊಳಗೆ ನಮಗೆ ಒಂದು ಅಂಗಡಿಯೂ ಸಿಗಲಿಲ್ಲ.

ಊರು ದಾಟುತ್ತಲೇ ಡಿ942 ರಸ್ತೆ ಬಂಡೆಯ ಮೈಗೆ ಅಂಟಿಕೊಳ್ಳುತ್ತದೆ. ಏರಿಕೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು, ನೂರು ಮೀಟರ್‌ಗೆ ಎರಡು ಮೂರು ಮೀಟರ್. ಎಡಕ್ಕೆ ಸುಣ್ಣಕಲ್ಲಿನ ಗೋಡೆ. ಬಲಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಪಾತಾಳ. ನದಿ ಎಲ್ಲೋ ಕೆಳಗಿದೆ, ಕಾಣುವುದಿಲ್ಲ. ಓಕ್ ಮರಗಳ ಹಸಿರು ಮುಚ್ಚಿಕೊಂಡಿದೆ. ಒಂದು ತಿರುವಿನಲ್ಲಿ ನಿಂತಾಗ ತಮ್ಮ, "ಅಕ್ಕಾ, ಕೇಳು" ಎಂದ. ಕೇಳಿಸಿಕೊಳ್ಳಲು ಏನೂ ಇರಲಿಲ್ಲ. ಸೈಕಲ್ ಚೈನಿನ ಸದ್ದು ನಿಂತಮೇಲೆ ಒಂದು ಹಕ್ಕಿಯ ದನಿಯೂ ಇಲ್ಲದಂಥ ಮೌನ. ಒಂದು ಗಂಟೆಯ ಕಾಲ ನಮ್ಮನ್ನು ದಾಟಿದ್ದು ನಾಲ್ಕೇ ಕಾರುಗಳು. ಊರಿನ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಫ್ರಾನ್ಸಿನ ನಿಯಮ, ನಾಲ್ವರೂ ಬಿಟ್ಟರು. ಹತ್ತು ಗಂಟೆಯ ನಂತರ ಮೋಟಾರ್ ಬೈಕ್‌ಗಳು ಬರತೊಡಗಿದವು. ಬೇಗ ಹೊರಡಿ ಎನ್ನುವುದು ಅದಕ್ಕೇ.

ದಾರಿಯಲ್ಲಿ ಬಂಡೆ ಕೊರೆದ ಪುಟ್ಟ ಸುರಂಗಗಳಿವೆ. ಬಿಸಿಲಿನಿಂದ ಒಳಹೊಕ್ಕಾಗ ಕ್ಷಣಕಾಲ ಏನೂ ಕಾಣುವುದಿಲ್ಲ, ಆದ್ದರಿಂದ ಹಿಂದಿನ ದೀಪ ಹಚ್ಚಿಕೊಂಡಿರುವುದು ಒಳ್ಳೆಯದು. 734 ಮೀಟರ್ ಎತ್ತರದಲ್ಲಿ ನೋಟದ ಕಟ್ಟೆ ಸಿಗುತ್ತದೆ. ಎದುರಿಗೇ 872 ಮೀಟರ್‌ನ ರೊಶೆ ದ್ಯು ಸಿರ್. ‘ಸಿರ್’ ಎಂದರೆ ಮೇಣ. ಕಾಡು ಜೇನುಗಳು ಗೂಡು ಕಟ್ಟುತ್ತಿದ್ದ ಬಂಡೆಯಾದ್ದರಿಂದ ಆ ಹೆಸರು. ಮಧ್ಯಾಹ್ನದೊಳಗೆ ಸೋ ಸೇರಬೇಕೆಂಬ ಅವಸರವಿದ್ದರೂ ಅಲ್ಲಿ ಇಪ್ಪತ್ತು ನಿಮಿಷ ಕುಳಿತೆ.

ಸೋ ಊರಿನ ಸುತ್ತ ಲ್ಯಾವೆಂಡರ್. ಹೂವು ನೋಡಬೇಕೆಂದರೆ ಜುಲೈನಲ್ಲಿ ಬರಬೇಕು. ಸೆಪ್ಟೆಂಬರಿನಲ್ಲಿ ಕೊಯ್ದು ಮುಗಿದಿರುತ್ತದೆ. ಬಾಚಿದ ತಲೆಯಂತೆ ಸಾಲು ಸಾಲು ಬೂದು ಗುಪ್ಪೆಗಳು, ಗಾಳಿ ಬೀಸಿದರೆ ಆಗಲೂ ಘಮ. ಬುಧವಾರ ಆ ಊರಿನ ಸಂತೆ. ಆಡಿನ ಹಾಲಿನ ಚೀಸ್, ಬ್ರೆಡ್, ಬಾದಾಮಿ ಮತ್ತು ಜೇನಿನ ನೂಗಾ ಮಿಠಾಯಿ ಕೊಂಡು ಚೌಕದಲ್ಲಿ ಕುಳಿತು ತಿಂದೆವು. ಇಬ್ಬರಿಗೂ ಸೇರಿ 14 ಯೂರೋ. ಹನ್ನೆರಡೂವರೆಗೆ ಸಣ್ಣ ಅಂಗಡಿಗಳ ಬಾಗಿಲು ಒಂದೊಂದಾಗಿ ಬಿದ್ದವು. ಸ್ವಲ್ಪ ತಡವಾಗಿದ್ದರೂ ಬೆಟ್ಟಕ್ಕೆ ಬುತ್ತಿ ಇರುತ್ತಿರಲಿಲ್ಲ.

ಸೋನಿಂದ ಶಿಖರಕ್ಕೆ 26 ಕಿ.ಮೀ., ಏರಿಕೆ 1,200 ಮೀಟರ್. ಬೆಡ್ವಾಂಗಿಂತ ದೂರ ಹೆಚ್ಚು, ಎತ್ತರ ಕಡಿಮೆ. ನನ್ನಂಥವರಿಗೆ ವ್ಯತ್ಯಾಸ ಮಾಡುವುದು ಇದೇ. ಷಾಲೆ ರೆನಾರ್‌ವರೆಗಿನ 20 ಕಿ.ಮೀ. ಉಸಿರು ಕಟ್ಟದೆ, ಮಾತನಾಡಿಕೊಂಡು ಹೋಗಬಹುದಾದ ದಾರಿ. ಹೊಲ ಮುಗಿದು ಕಾಡು, ಕಾಡಿನಲ್ಲಿ ನೆರಳು. ಕಿ.ಮೀ. ಕಲ್ಲುಗಳನ್ನು ಎಣಿಸುತ್ತಾ ಹೋದೆ. ಹಳದಿ ತಲೆಯ ಆ ಕಲ್ಲುಗಳು ಮನೆಯ ಹಿರಿಯರಂತೆ ದಾರಿಯುದ್ದಕ್ಕೂ ಧೈರ್ಯ ಹೇಳುತ್ತವೆ.

ಷಾಲೆ ರೆನಾರ್‌ನಲ್ಲಿ ಬೆಡ್ವಾಂ ರಸ್ತೆ ಬಂದು ಕೂಡುತ್ತದೆ. ಕೊನೆಯ ಆರು ಕಿ.ಮೀ. ಎಲ್ಲರಿಗೂ ಒಂದೇ. ಮರಗಳು ಮುಗಿಯುತ್ತವೆ, ಬಿಳಿ ಜಲ್ಲಿಕಲ್ಲಿನ ಬೆಟ್ಟ ಬೆತ್ತಲಾಗಿ ನಿಲ್ಲುತ್ತದೆ. ಹಡಗು ಕಟ್ಟಲೆಂದು ಶತಮಾನಗಳ ಕಾಲ ಇಲ್ಲಿನ ಮರ ಕಡಿದರು. 19ನೇ ಶತಮಾನದಲ್ಲಿ ಮತ್ತೆ ನೆಟ್ಟದ್ದು ನಾವು ದಾಟಿ ಬಂದ ಕೆಳಗಿನ ಕಾಡು. ಮೇಲೆ ಗಾಳಿಯದೇ ರಾಜ್ಯ. 2016ರಲ್ಲಿ ಗಾಳಿಗೆ ಅಂಜಿ ಟೂರ್‌ನ ಗುರಿಯನ್ನೇ ಶಿಖರದಿಂದ ಷಾಲೆ ರೆನಾರ್‌ಗೆ ಇಳಿಸಬೇಕಾಯಿತು. ನಾವು ಹೋದ ದಿನ ಎದುರಾದದ್ದು ಸಾಧಾರಣ ಗಾಳಿ ಎಂದು ಎದುರಿನಿಂದ ಇಳಿದು ಬಂದವರು ಹೇಳಿದರು. ಅದೇ ಹ್ಯಾಂಡಲ್ ತಿರುಚುತ್ತಿತ್ತು. ಶಿಖರಕ್ಕೆ ಸ್ವಲ್ಪ ಮೊದಲು ಬಲಕ್ಕೆ ಟಾಮ್ ಸಿಂಪ್ಸನ್ ಸ್ಮಾರಕ. 1967ರ ಜುಲೈ 13ರಂದು ಪಂದ್ಯದ ನಡುವೆ ಈ ಏರಿನಲ್ಲಿ ಕುಸಿದು ತೀರಿಕೊಂಡ ಸವಾರ. ಮೆಟ್ಟಿಲ ಮೇಲೆ ಯಾರು ಯಾರೋ ಇಟ್ಟುಹೋದ ನೀರಿನ ಬಾಟಲಿಗಳು, ಟೋಪಿಗಳು. ಹಾರಿಹೋಗದಿರಲೆಂದು ಒಂದೊಂದರ ಮೇಲೂ ಒಂದು ಕಲ್ಲು. ನಾನೂ ಇಳಿದು ನಿಂತೆ.

1,909 ಮೀಟರ್‌ನ ಶಿಖರದಲ್ಲಿ ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು. ಗೋಪುರ, ಬೋರ್ಡ್, ಗಾಳಿ, ಅಷ್ಟೇ. ಗಾಳಿ ತಡೆಯುವ ದಪ್ಪನೆಯ ಅಂಗಿಯನ್ನು ಬಿಸಿಲಿದೆಯೆಂದು ಕೋಣೆಯಲ್ಲಿ ಬಿಟ್ಟು ಬರಬೇಡಿ. ಬೆವರಿದ ಮೈ ಎರಡೇ ನಿಮಿಷದಲ್ಲಿ ನಡುಗತೊಡಗುತ್ತದೆ.

ಇನ್ನು ದೂರು. ಸೈಕಲ್ ಬಾಡಿಗೆಗೆ ತೆಗೆದುಕೊಂಡಿದ್ದು, ದಿನಕ್ಕೆ 55 ಯೂರೋ. ಅಂಗಡಿಯ ಹೆಸರು ಬೇಡ. ಇ-ಮೇಲ್‌ನಲ್ಲಿ ಕೇಳಿಕೊಂಡಂತೆ ಏರು ಹತ್ತಲು ಹಗುರವಾಗುವಂತೆ ಹಿಂದಿನ ಚಕ್ರಕ್ಕೆ 34 ಹಲ್ಲಿನ ಗೇರ್ ಹಾಕಿಕೊಟ್ಟಿದ್ದರು, ಅಳತೆಯೂ ಸರಿಯಿತ್ತು. ಆದರೆ ಇಳಿಯುವಾಗ ಕಾಡಿನೊಳಗಿನ ಕಡಿದಾದ ಭಾಗದಲ್ಲಿ ಹಿಂದಿನ ಬ್ರೇಕ್ ಕಿರ್ರೆಂದು ಕಿರುಚಿತು, ಹಿಡಿ ಹ್ಯಾಂಡಲ್‌ವರೆಗೆ ಬಂದುಬಿಟ್ಟಿತು. ಎದೆ ಝಲ್ಲೆಂದಿತು. ಮುಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಬದಿಗೆ ನಿಲ್ಲಿಸಿ ನೋಡಿದರೆ ಬ್ರೇಕ್ ಪ್ಯಾಡ್ ಸವೆದು ಲೋಹ ಕಾಣುತ್ತಿತ್ತು. ಅಲ್ಲಿಂದ ಐದು ಕಡೆ ನಿಂತು, ಬಿಸಿಯಾದ ಬ್ರೇಕ್ ಡಿಸ್ಕ್ ತಣ್ಣಗಾಗಲು ಬಿಟ್ಟು ಇಳಿದೆ. ಸಾಂಟ್-ಎಸ್ಟೆವ್‌ನ ತಿರುವಿನಲ್ಲಿ ತಮ್ಮ ಮುಂದೆ ಹೋಗಿ ಕೈ ಬೀಸಿ ಎಚ್ಚರಿಸಿದ. ಅಂಗಡಿಯವರು ಕ್ಷಮೆ ಕೇಳಿದರು, ಅರ್ಧ ಹಣ ವಾಪಸು ಕೊಟ್ಟರು. ಆದರೆ ಇಂಥ ಬೆಟ್ಟದ ಬುಡದಲ್ಲಿ ಸೈಕಲ್ ಬಾಡಿಗೆ ಕೊಡುವವರು ಪ್ಯಾಡ್ ನೋಡದೆ ಕೊಡುವುದನ್ನು ನಾನು ಸಣ್ಣ ತಪ್ಪೆಂದು ಬಿಡಲಾರೆ. ಚಕ್ರ ಬಿಚ್ಚಿಸಿ, ಪ್ಯಾಡ್ ತೋರಿಸಿ ಎಂದು ಕೇಳಿ. ಅಲ್ಲಿನ ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಎಡಗೈಗೆ ಇರುತ್ತದೆ. ಊರು ಬಿಡುವ ಮೊದಲೇ ಕೈಗೆ ಅಭ್ಯಾಸ ಮಾಡಿಸಿಕೊಳ್ಳಿ.

ಮೂರು ದಾರಿಗಳಿಂದ ಒಂದೇ ದಿನ ಮೂರು ಸಲ ಶಿಖರ ಮುಟ್ಟುವವರಿಗೆ ಬೆಡ್ವಾಂ, ಮಲೊಸೆನ್, ಸೋ ಊರುಗಳಲ್ಲಿ ಮುದ್ರೆ ಹಾಕಿಸಿಕೊಳ್ಳುವ ಕಾರ್ಡ್ ಇದೆ. ತಮ್ಮ ಅದಕ್ಕೆ ಬರೆದು ಕಳಿಸಿದ್ದಾನೆ. ಅವನು ಬೆಟ್ಟ ಹತ್ತಿ ಇಳಿಯುವ ಹೊತ್ತಿಗೆ ನಾನು ನೆಸ್ಕ್ ಕಣಿವೆಗೆ ಇನ್ನೊಮ್ಮೆ ಹೋಗುತ್ತೇನೆ, ಈ ಸಲ ಬೆಳಿಗ್ಗೆ ಆರೂವರೆಗೇ.