ನಿದ್ದೆಯಿಂದ ಎದ್ದ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣೆ: ವಿಂಡೋಸ್‌ನ ಎರಡು ಉಪಕರಣಗಳ ವಿಮರ್ಶೆ

ಲ್ಯಾಪ್‌ಟಾಪಿನ ಮುಚ್ಚಳ ತೆರೆದೊಡನೆ ಪರದೆ ಬೆಳಗುತ್ತದೆ, ಅರ್ಧಕ್ಕೆ ಬಿಟ್ಟಿದ್ದ ಕಡತವೂ ಇದ್ದಲ್ಲೇ ಇರುತ್ತದೆ. ಆದರೆ ವೈಫೈ ಗುರುತು ಕಾಣೆಯಾಗಿರುತ್ತದೆ, ಇಲ್ಲವೇ ಟಚ್‌ಪ್ಯಾಡ್ ಮೇಲೆ ಎಷ್ಟು ಬೆರಳಾಡಿಸಿದರೂ ಬಾಣ ಕದಲುವುದಿಲ್ಲ. ರಿಪೇರಿ ಅಂಗಡಿಗೆ ಒಯ್ದರೆ ‘ಕಾರ್ಡ್ ಹೋಗಿದೆ, ಬದಲಿಸಬೇಕು’ ಎಂಬ ಮಾತೋ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಸಲಹೆಯೋ ಕೇಳಿಬರುತ್ತದೆ. ಅಷ್ಟಕ್ಕೆ ಒಪ್ಪಿಕೊಳ್ಳುವ ಮುನ್ನ, ವಿಂಡೋಸ್‌ನೊಳಗೇ ಇದ್ದು ಕಾಸು ಕೇಳದ, ಆಜ್ಞೆ ಟೈಪ್ ಮಾಡಿ ನಡೆಸುವ ಪವರ್‌ಸಿಎಫ್‌ಜಿ (powercfg) ಮತ್ತು ಪಿಎನ್‌ಪಿಯುಟಿಲ್ (pnputil) ಎಂಬ ಎರಡು ಉಪಕರಣಗಳನ್ನು ಬಳಸಿ ನೋಡಬೇಕು. ನಮ್ಮ ಕಚೇರಿಯ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಇವನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆ ಬರೆದಿದ್ದೇನೆ.

ಯಂತ್ರ ಸ್ಲೀಪ್‌ಗೆ ಹೋಗುವಾಗ ಒಂದೊಂದೇ ಸಾಧನದ ವಿದ್ಯುತ್ತನ್ನು ಇಳಿಸಲಾಗುತ್ತದೆ. ಎದ್ದಾಗ ಆಯಾ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅದನ್ನು ಮೊದಲಿನ ಸ್ಥಿತಿಗೆ ತರಬೇಕು. ವೈಫೈ ಕಾರ್ಡಿನಂಥವುಗಳಿಗೆ ಬೇಕಾದರೆ ಅವುಗಳೊಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರನ್ನೂ ಮತ್ತೆ ತುಂಬಬೇಕು. ಈ ಹಂತದಲ್ಲಿ ಎಡವಟ್ಟಾದರೆ ಕಾರ್ಡ್ ಗಟ್ಟಿಮುಟ್ಟಾಗಿದ್ದರೂ ಕಂಪ್ಯೂಟರಿನ ಪಾಲಿಗೆ ಇಲ್ಲದಂತಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಸರಿಹೋದರೆ, ಕೆಟ್ಟಿರುವುದು ಬಹುಮಟ್ಟಿಗೆ ಕಾರ್ಡ್ ಅಲ್ಲ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಹೋಗದ ದೋಷ ರೀಸ್ಟಾರ್ಟ್‌ನಿಂದ ಹೋಗುವುದನ್ನು ಕಂಡು ಹಲವರು ಅಚ್ಚರಿಪಡುತ್ತಾರೆ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವು ಶಟ್‌ಡೌನ್ ಹೊತ್ತಿನಲ್ಲಿ ವಿಂಡೋಸ್‌ನ ತಿರುಳಾದ ಕರ್ನೆಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿ ತರುವುದರಿಂದ ಹಳೆಯ ತೊಡಕೂ ಜೊತೆಗೆ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ಪವರ್‌ಸಿಎಫ್‌ಜಿಯ ಮೊದಲ ಉಪಯೋಗ ಯಂತ್ರದ ನಿದ್ದೆ ಯಾವ ಬಗೆಯದೆಂದು ತಿಳಿಯುವುದು. ಅದರ ಮುಂದೆ ಓರೆಗೆರೆ ಹಾಕಿ ‘ಎ’ ಅಕ್ಷರ ಒತ್ತಿದರೆ, ರ‍್ಯಾಮ್ ಬಿಟ್ಟು ಬಹುಪಾಲು ಎಲ್ಲವೂ ಆರುವ ಹಳೆಯ ಎಸ್3 ಇದೆಯೋ, ಪರದೆ ಆರಿದರೂ ಒಳಗೆ ಸಣ್ಣಗೆ ಕೆಲಸ ನಡೆಯುತ್ತಲೇ ಇರುವ ಎಸ್0 ಮಾದರಿಯ ಮಾಡರ್ನ್ ಸ್ಟ್ಯಾಂಡ್‌ಬೈ ಇದೆಯೋ ಎಂಬುದು ಗೊತ್ತಾಗುತ್ತದೆ. ಮುಂದಿನ ಪರಿಹಾರವೆಲ್ಲ ಇದರ ಮೇಲೆ ನಿಂತಿದೆ. ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು’ ಎಂಬ ಗುರುತನ್ನು ಡಿವೈಸ್ ಮ್ಯಾನೇಜರಿನಲ್ಲಿ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರಲ್ಲ, ಎಸ್0 ಯಂತ್ರಗಳ ಪೈಕಿ ಅನೇಕದರಲ್ಲಿ ಆ ಪವರ್ ಮ್ಯಾನೇಜ್‌ಮೆಂಟ್ ಪುಟವೇ ಇರುವುದಿಲ್ಲ.

ಇದೇ ಉಪಕರಣದ ಸ್ಲೀಪ್‌ಸ್ಟಡಿ ಎಂಬ ವರದಿ ಚೆನ್ನಾಗಿದೆ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರದಲ್ಲಿ ಅದು ಕಳೆದ 3 ದಿನಗಳ ಒಂದೊಂದು ನಿದ್ದೆಯನ್ನೂ ಬಣ್ಣದ ಪಟ್ಟಿಗಳಲ್ಲಿ ತೋರಿಸಿ, ಬ್ಯಾಟರಿ ಎಷ್ಟು ಇಳಿಯಿತು, ಯಾವ ಸಾಧನ ನಿದ್ದೆಗೆಡಿಸಿತು ಎಂಬುದನ್ನು ಹೆಸರಿಸುತ್ತದೆ. ಬೇಕೆಂದರೆ ಅವಧಿಯನ್ನು 28 ದಿನಗಳವರೆಗೆ ಹಿಗ್ಗಿಸಬಹುದು. ಆದರೆ ವರದಿಯ ಕಡತ ಎಲ್ಲಿ ಉಳಿಯಿತೆಂದು ಹುಡುಕುವುದೇ ಒಂದು ಕೆಲಸ. ಅಡ್ಮಿನ್ ಆಗಿ (ಪೂರ್ಣ ಅಧಿಕಾರದಿಂದ) ತೆರೆದ ಕಮಾಂಡ್ ಪ್ರಾಂಪ್ಟ್ ಎಂಬ ಆಜ್ಞೆಯ ಕಿಟಕಿಯಲ್ಲಿ ನಡೆಸಿದರೆ ಅದು ಸಾಮಾನ್ಯವಾಗಿ ಸಿಸ್ಟಮ್32 ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಎದ್ದ ಮೇಲೆ ಯಾವ ಸಾಧನ ಬಾರದೇ ಹೋಯಿತೆಂಬ ಬಗ್ಗೆ ಈ ವರದಿಯಲ್ಲಿ ನೇರವಾದ ಮಾತಿಲ್ಲ. ನಿದ್ದೆಯ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಇಡುವ ಉಪಕರಣ ಎಚ್ಚರದ ವಿಷಯದಲ್ಲಿ ಬಾಯಿ ಬಿಡದಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆ ಕೊರತೆಯನ್ನು ತುಂಬುವುದು ಪಿಎನ್‌ಪಿಯುಟಿಲ್. ಇದು ಹಳೆಯ ಉಪಕರಣವೇ ಆದರೂ, ಸಾಧನವನ್ನು ಮರುಪ್ರಾರಂಭಿಸುವ ಆಜ್ಞೆ ಇದಕ್ಕೆ ಬಂದದ್ದು ವಿಂಡೋಸ್ 10ರ 2004 ಎಂಬ ಸಂಖ್ಯೆಯ (ಇಸವಿಯಲ್ಲ) ಆವೃತ್ತಿಯಲ್ಲಿ. ತೊಂದರೆಯಲ್ಲಿರುವ ಸಾಧನಗಳನ್ನಷ್ಟೇ ಪಟ್ಟಿ ಮಾಡು ಎಂದರೆ ಸಾಧನದ ಹೆಸರು, ದೋಷಸಂಖ್ಯೆ ಎರಡೂ ಬರುತ್ತವೆ. 10 ಎಂದರೆ ಸಾಧನ ಶುರುವಾಗಲಿಲ್ಲ. 43 ಎಂದರೆ ಸಾಧನವೇ ದೋಷ ಹೇಳಿಕೊಂಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಪಟ್ಟಿಯಲ್ಲಿ ಆ ಸಾಧನದ ಗುರುತಾಗಿರುವ ಇನ್‌ಸ್ಟನ್ಸ್ ಐಡಿಯನ್ನು ಕಾಪಿ ಮಾಡಿ ಮರುಪ್ರಾರಂಭದ ಆಜ್ಞೆಗೆ ಕೊಟ್ಟರೆ, ಇಡೀ ಯಂತ್ರವನ್ನು ರೀಸ್ಟಾರ್ಟ್ ಮಾಡದೆ, ತೆರೆದ ಕಡತ ಮುಚ್ಚದೆ, ಹಲವು ಸಲ ವೈಫೈ ಮರಳುತ್ತದೆ. ಐಡಿಯನ್ನು ಉದ್ಧರಣ ಚಿಹ್ನೆಯೊಳಗೇ ಇಡಬೇಕು. ಅದರ ನಡುವೆ ಬರುವ ಆಂಪರ್‌ಸ್ಯಾಂಡ್ (&) ಗುರುತನ್ನು ಕಮಾಂಡ್ ಪ್ರಾಂಪ್ಟ್ ಬೇರೊಂದು ಆಜ್ಞೆಯ ಆರಂಭವೆಂದು ಓದಿಕೊಂಡು ಸಾಲನ್ನು ತುಂಡರಿಸುತ್ತದೆ.

ಟಚ್‌ಪ್ಯಾಡ್ ಸತ್ತಾಗಲೂ ಇದನ್ನು ಕೀಲಿಮಣೆಯಿಂದಲೇ ಮಾಡಬಹುದು: ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಎ ಒತ್ತಿದರೆ ವಿಂಡೋಸ್ 11ರಲ್ಲಿ ಅಡ್ಮಿನ್ ಟರ್ಮಿನಲ್ ತೆರೆಯುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರು ಮೊದಲು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬದಲಾಗಬೇಕು. ಇಲ್ಲವಾದರೆ ಆಜ್ಞೆಯ ಜಾಗದಲ್ಲಿ ಒತ್ತಕ್ಷರಗಳು ಮೂಡಿ ನಗು ಬರಿಸುತ್ತವೆ.

ಪ್ರತಿಸಲ ಕೈಯಿಂದ ಮಾಡುವುದು ಬೇಡವೆಂದರೆ, ಇದೇ ಆಜ್ಞೆಯನ್ನು, ಗೊತ್ತುಪಡಿಸಿದ ಘಟನೆ ನಡೆದಾಗ ಕೆಲಸವನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಬಹುದು. ವಿಂಡೋಸ್ ಘಟನೆಗಳನ್ನು ದಾಖಲಿಸುವ ಸಿಸ್ಟಮ್ ಲಾಗ್‌ನಲ್ಲಿ ಪವರ್-ಟ್ರಬಲ್‌ಶೂಟರ್ ಹೆಸರಿನ 1ನೇ ಸಂಖ್ಯೆಯ ಘಟನೆ ಕಂಡಾಗ ಓಡಿಸಬೇಕೆಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಎಸ್3 ಯಂತ್ರಕ್ಕೆ ಅದು ಸರಿ. ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರದಲ್ಲಿ ಹಾಗೆ ಕಟ್ಟಿದ ಟಾಸ್ಕ್ ಓಡುವುದಿಲ್ಲ. ಅಲ್ಲಿ ಕಾಯಬೇಕಾದದ್ದು ಕರ್ನೆಲ್-ಪವರ್ ದಾಖಲಿಸುವ 507ನೇ ಘಟನೆಗಾಗಿ. ಟಾಸ್ಕ್ ಸರಿಯಾಗಿದ್ದರೂ ಕೆಲಸ ಮಾಡುತ್ತಿಲ್ಲವೆಂದು ಗೊಣಗುವವರು ಮೊದಲು ನೋಡಬೇಕಾದದ್ದು ಇದನ್ನೇ.

ಅಂಕ ಕೊಡುವುದಾದರೆ ಪಿಎನ್‌ಪಿಯುಟಿಲ್‌ಗೆ 5ಕ್ಕೆ 4, ಪವರ್‌ಸಿಎಫ್‌ಜಿಗೆ 3. ಎರಡೂ ಇಂಗ್ಲಿಷಿನಲ್ಲಿ ಆಜ್ಞೆ ಬರೆಯಬಲ್ಲವರಿಗಷ್ಟೇ ಒಲಿಯುವಂಥವು. ಮನೆಯ ಹಿರಿಯರ ಕೈಗೆ ಇವನ್ನು ಕೊಟ್ಟು ಸುಮ್ಮನಾಗುವಂತಿಲ್ಲ, ಟಾಸ್ಕ್ ಕಟ್ಟಿಕೊಡುವವರು ಬೇಕು. ಇವು ಮೂಲದೋಷವನ್ನು ತೆಗೆಯುವುದೂ ಇಲ್ಲ. ಅದಕ್ಕೆ ತಯಾರಕರ ಜಾಲತಾಣದಲ್ಲಿ ಆ ಮಾದರಿಗೆಂದೇ ಕೊಟ್ಟಿರುವ ಡ್ರೈವರ್ ಮತ್ತು ಬಯಾಸ್ (ಯಂತ್ರವನ್ನು ಶುರುಮಾಡುವ ತಂತ್ರಾಂಶ) ನವೀಕರಣಗಳನ್ನು ಹಾಕಿ ನೋಡಬೇಕು. ಅಷ್ಟಾದರೂ ದೋಷ ಮರುಕಳಿಸಿದರೆ ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ, ಅಂದರೆ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುವಂತೆ, ಹೊಂದಿಸಿಕೊಳ್ಳುವುದು ಒಳ್ಳೆಯದು. ಏಳಲು ಒಂದಿಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ರೀಸ್ಟಾರ್ಟ್ ಮಾಡಿದರೂ ಸಾಧನ ಬಾರದಿದ್ದಾಗ ಮಾತ್ರ ಕಾರ್ಡನ್ನೋ ಕೇಬಲನ್ನೋ ಶಂಕಿಸಬೇಕು. ವಾರಂಟಿ ಇರುವ ಯಂತ್ರವಾದರೆ ದೋಷಸಂಖ್ಯೆ ಕಾಣುವ ಪರದೆಯ ಫೋಟೊ ಮತ್ತು ಸ್ಲೀಪ್‌ಸ್ಟಡಿ ವರದಿಯನ್ನು ಜೊತೆಗೊಯ್ಯಿರಿ. ಸರ್ವಿಸ್ ಸೆಂಟರಿನ ಮೇಜಿನ ಮೇಲೆ ತಾನಾಗಿ ಸರಿಯಾಗಿಬಿಡುವ ಈ ಕಾಯಿಲೆಗೆ ಬೇರೆ ಸಾಕ್ಷಿ ಇರುವುದಿಲ್ಲ.