ಬಚ್ಚಲ ನಾರತೈತಿ ಅಂತ ಆಸಿಡ್ ಹಾಕ್ಸಾಕ ಹೋಗಬ್ಯಾಡ್ರಿ, ನಮಗಾದದ್ದು ಓದ್ರಿ

ಮಗಳ ಬಾಣಂತನಕ್ಕಂತ ಮೇ ತಿಂಗಳ ಪೂರ್ತಿ ಪುಣೆದಾಗ ಇದ್ವಿ, ಹುಬ್ಬಳ್ಳಿ ಮನಿಗೆ ಕೀಲಿ. ತಿರುಗಿ ಬಂದು ಬಾಗಲಾ ತಗದ್ರ ಕೊಳತ ತತ್ತಿ ವಾಸನಿ ಮಾರಿಗೆ ಬಡೀತ್ರಿ. ಇಲಿ ಸತ್ತಿರಬೇಕಂತ ಮಂಚದ ಬುಡಕ, ಅಟ್ಟದ ಮ್ಯಾಲೆ ಎಲ್ಲಾ ಹುಡುಕಿದ್ವಿ, ಕಡೀಕ ನೋಡಿದ್ರ ಅವ್ವನ ಖೋಲಿ ಬಾಜೂಕಿನ ಸಣ್ಣ ಬಚ್ಚಲದಿಂದ ಬರಾಕತ್ತಿತ್ತು. ನೀರ ಹಾಕಿದ್ರ ಒಂದ ತಾಸು ಕಮ್ಮಿ, ಮತ್ತ ಶುರು. ರಾತ್ರಿ ನಮ್ಮ ಮನಿಯಾಕಿ ಜಾಳಗಿ ಮ್ಯಾಲೆ ಎರಡ ಮುಟಗಿ ಬ್ಲೀಚಿಂಗ್ ಪೌಡರ್ ಉದರಿಸಿ ಮಲಗಿದ್ಲು.

ಮುಂಜಾನೆ ನಾ ಮಾಡಿದ್ದು ದೊಡ್ಡ ತಪ್ಪು. ಲೈಟ್ ಕಂಬಕ್ಕ ಅಂಟಿಸಿದ್ದ ನಂಬರಿಗೆ ಫೋನ್ ಹಚ್ಚಿದೆ. ಬಂದಂವ "ಸಾಹೇಬ್ರ, ಆಸಿಡ್ ಬಿಟ್ರ ಮುಗೀತು, 1,800 ಕೊಡ್ರಿ" ಅಂದ. ಜಾಳಗಿ ಕೆಳಗ ಏನೈತಿ ಅಂತ ಅಂವಾ ನೋಡ್ಲಿಲ್ಲ, ನಾ ಹೇಳ್ಲಿಲ್ಲ. ಸುರುವಿದ್ದ ತಡ ಸೊಂಯ್ ಅಂತ ನೊರಿ ಎದ್ದು ಹಳದಿ ಹಸರ ಹೊಗಿ ಬಂತು, ಅದು ಕ್ಲೋರಿನ್ ಅಂತ ಆಮ್ಯಾಲೆ ಡಾಕ್ಟರ್ ಹೇಳಿದ್ರು. ಅಂವಾ ಮೊದಲ ಹೊರಗ ಓಡಿದ. ಅವ್ವ ಬಾಜೂಕ ಮಲಗಿದ್ಲು, 74 ವಯಸ್ಸು, ಕೆಮ್ಮಿ ಕೆಮ್ಮಿ ಉಸರ ಸಿಗವಲ್ದು, ಎತ್ಕೊಂಡ ದವಾಖಾನಿಗೆ ಓಡಿದ್ವಿ, ಸಂಜೀತನಾ ಆಕ್ಸಿಜನ್ ಮ್ಯಾಲೆ ಇಟ್ಟಿದ್ರು.

ಇಷ್ಟಾದ್ರೂ ಆ ಪುಣ್ಯಾತ್ಮ ಮರದಿನ ಫೋನ್ ಮಾಡಿ ಸಂಡಾಸದ ಸೆಪ್ಟಿಕ್ ಟ್ಯಾಂಕಿನ್ಯಾಗ ಹುಡುಗನ್ನ ಇಳಿಸ್ತೇನಿ ಅಂತಾನ! ಬೈದು ಇಟ್ಟೆ. ಕೊಳತ ತತ್ತಿ ನಾತ ಬರೋದು ಹೈಡ್ರೋಜನ್ ಸಲ್ಫೈಡ್ ಗ್ಯಾಸ್‌ದು, ಜಾಸ್ತಿ ಆದ್ರ ಮೂಗಿಗೆ ವಾಸನಿನ ತಿಳಿಯಂಗಿಲ್ಲ, ಹೋತು ಅನ್ಕೊಂಡ ಇಳದಂವ ಅಲ್ಲೇ ಬೀಳ್ತಾನ. ಸುರಕ್ಷತಾ ಸಾಮಾನಿಲ್ದ ಹಂಗ ಇಳಸೋದು ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ, ಇಳಿಸಿದ ಮನಿಯಂವನೂ ಸಿಗಬೀಳ್ತಾನ.

ಆಮ್ಯಾಲೆ ನಮ್ಮ ಮಾಮಾ ಧಾರವಾಡದಿಂದ ತಮ್ಮ ಗುರುತಿನ ಒಬ್ರು ಹಳೇ ಪ್ಲಂಬರ್‌ನ ಕರಕೊಂಡ ಬಂದ್ರು. ಅವ್ರು ಬಚ್ಚಲಕ್ಕ ಎರಡ ತಂಬಗಿ ನೀರ ಹಾಕಿ "ಈಗ ಸಂಡಾಸ ಫ್ಲಶ್ ಮಾಡ್ರಿ ತಮ್ಮಾ" ಅಂದ್ರು. ಮಾಡಿದ್ರ ಜಾಳಗಿ ಕೆಳಗ ಗುಳುಗುಳು ಅಂದು ನೀರ ಇಳದ ಹೋತು. ಜಾಳಗಿ ಕೆಳಗ ನೀರ ನಿಲ್ಲೋ ಬಟ್ಟಲ, ಅಂದ್ರ ನಹಾನಿ ಟ್ರ್ಯಾಪ್‌ನ್ಯಾಗ ನಿಂತಿರೋ ಎರಡ ಇಂಚ್ ನೀರ ಟ್ಯಾಂಕಿನ ಗ್ಯಾಸಿಗೆ ಮುಚ್ಚಳ ಇದ್ದಂಗ, ಒಂದ ತಿಂಗಳದಾಗ ಅದು ಒಣಗಿತ್ತು. ಸರಿ, ಮತ್ತ ನೀರ ಹಾಕಿದ್ರೂ ಯಾಕ ನಿಲ್ಲವಲ್ದು? ಅವ್ರು ಸೀದಾ ಮಾಳಗಿ ಹತ್ತಿದ್ರು. ಸಂಡಾಸ ಲೈನಿಗೆ ಗಾಳಿ ಕೊಡೋ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ! ದೀಪಾವಳಿಗೆ ಪೇಂಟ್ ಹೊಡಿಯಾಕ ಬಂದ ಹುಡುಗರು ಕಟ್ಟಿ ಬಿಟ್ಟ ಹೋಗಿದ್ರು, ನಾನ ನಿಂತು ಕೆಲಸಾ ಮಾಡ್ಸಿದ್ದೆ ಬ್ಯಾರೆ. ಗಾಳಿ ಸಿಗಲಿಲ್ಲಂದ್ರ ಫ್ಲಶ್ ಮಾಡಿದಾಗೊಮ್ಮೆ ಪೈಪು ಟ್ರ್ಯಾಪಿನ ನೀರನ್ನ ಹೀರತೈತಂತ. ಚೀಲ ಕಿತ್ತು ನೀರ ಹಾಕಿದ್ವಿ, ವಾಸನಿ ಹೋತು. 300 ರೂಪಾಯಿ ಇಸಕೊಂಡ್ರು, ಚಹಾ ಕುಡದ್ರು.

ನಮ್ಮೂರಾಗ ನೀರ ಬರೋದು ವಾರಕ್ಕೊಮ್ಮೆ, ಬಳಸದ ಬಚ್ಚಲಕ್ಕ ಯಾರ ಹಾಕ್ತಾರ ಹೇಳ್ರಿ. ಊರಿಗೆ ಹೋಗೋ ಮುಂದ ಅರ್ಧ ಬಕೀಟ ನೀರ ಹಾಕಿ ಮ್ಯಾಲೊಂದ ಚಮಚ ಅಡಗಿ ಎಣ್ಣಿ ಬಿಡ್ರಿ, ಲಗೂನ ಆರಂಗಿಲ್ಲ. ಗ್ಯಾಸ್ ನೋಡಾಕಂತ ಟ್ಯಾಂಕಿನ ಹತ್ರ ಕಡ್ಡಿ ಮಾತ್ರ ಗೀರಬ್ಯಾಡ್ರಿ, ಅದರಾಗ ಮೀಥೇನ್ ಇರತೈತಿ.

ಅಂವಾ ಬಿಟ್ಟೋದ ಅರ್ಧ ಕ್ಯಾನ್ ಆಸಿಡ್ ಇನ್ನೂ ಹಿತ್ತಲದಾಗ ಕುಂತೈತಿ, ಏನ್ ಮಾಡಬೇಕೋ ತಿಳೀವಲ್ದು.