ಮಾತ್ರೆ ನುಂಗುವವರು ಜ್ಯೂಸ್ ಉಪವಾಸಕ್ಕೆ ಕೂರುವ ಮುನ್ನ ಇದನ್ನೊಮ್ಮೆ ಓದಿ

ತುಮಕೂರಿನ ಅಮಾನಿಕೆರೆ ಸುತ್ತ ಬೆಳಿಗ್ಗೆ ವಾಕಿಂಗ್ ಮಾಡುವ ಹಿರಿಯರಿಗೂ ಅವರ ಮನೆಯವರಿಗೂ ಇದನ್ನು ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ದಿನಾ ಮಾತ್ರೆ ತೆಗೆದುಕೊಳ್ಳುವವರು ಯಾರೋ ಮೈಕಿನಲ್ಲಿ ಹೇಳಿದರೆಂದು ಮನೆಯಲ್ಲೇ ಜ್ಯೂಸ್ ಉಪವಾಸಕ್ಕೆ ಇಳಿಯಬೇಡಿ. ಮಾಡಿಯೇ ತೀರುತ್ತೇನೆ ಅನ್ನುವವರು, ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ ಆಮೇಲೆ ಊಟ ಬಿಡಿ.

ನಮ್ಮನೆಯವರಿಗೆ 68 ವರ್ಷ. ಹೈಸ್ಕೂಲ್ ಮೇಷ್ಟರಾಗಿ ರಿಟೈರ್ ಆದವರು. ಸಕ್ಕರೆ ಕಾಯಿಲೆ ಹಳೆಯದು, ಬಿಪಿ ಅದರ ಬೆನ್ನಿಗೇ ಬಂದದ್ದು. ಎರಡೂ ಹತೋಟಿಯಲ್ಲೇ ಇದ್ದವು. ಬೆಳಿಗ್ಗೆ ಮಾತ್ರೆ, ಹಿಂದೆಯೇ ತಿಂಡಿ, ಮಧ್ಯಾಹ್ನ ಒಂದು ಮುದ್ದೆ ಬಸ್ಸಾರು, ರಾತ್ರಿ ಎರಡು ಚಪಾತಿ. ಹೀಗಿದ್ದವರ ಕಣ್ಣಿಗೆ "ಮಾತ್ರೆಗಳಿಂದ ಮುಕ್ತಿ" ಅನ್ನುವ ಬ್ಯಾನರ್ ಬಿತ್ತು. ವಾಕಿಂಗ್ ಗೆಳೆಯರೆಲ್ಲ ಗುಂಪು ಕಟ್ಟಿಕೊಂಡು ಹೋದರು.

ಕಲ್ಯಾಣ ಮಂಟಪವೊಂದರಲ್ಲಿ ನಡೆದ ಉಚಿತ ಆರೋಗ್ಯ ಶಿಬಿರ ಅದು. ಉಚಿತವಾಗಿದ್ದದ್ದು ಭಾಷಣ ಒಂದೇ. ಪುಡಿಯ ಪೊಟ್ಟಣ, ವಾಟ್ಸಾಪ್ ಗುಂಪು, ದಿನಚರಿಯ ಹಾಳೆ ಎಲ್ಲ ಸೇರಿ 2,800 ರೂಪಾಯಿ. ಊರು ತುಮಕೂರಾದ್ದರಿಂದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಹೆಸರನ್ನೂ ವೇದಿಕೆಗೆ ಎಳೆದು ತಂದರಂತೆ. 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ, ಅದಕ್ಕೆ ಮಿತಾಹಾರವೇ ಕಾರಣ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. ಸ್ವಾಮೀಜಿ ಹಿತಮಿತವಾಗಿ ಉಣ್ಣುತ್ತಿದ್ದದ್ದು ನಿಜ. ಅದೇ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ದಿನಾ ಹೊಟ್ಟೆ ತುಂಬ ದಾಸೋಹ ನಡೆಸಿದವರು. ಆ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಹಾಳೆಯಲ್ಲಿದ್ದದ್ದು ಹೀಗೆ. ಬರಿಹೊಟ್ಟೆಗೆ ಬೂದುಗುಂಬಳದ ರಸ, ಹತ್ತು ಗಂಟೆಗೆ ಎಳನೀರು, ಮಧ್ಯಾಹ್ನ ಸೋರೆಕಾಯಿ ಅಥವಾ ಸೌತೆಕಾಯಿ ರಸಕ್ಕೆ ಅವರ ಪುಡಿ, ನಾಲ್ಕಕ್ಕೆ ಇನ್ನೊಂದು ಎಳನೀರು, ಸಂಜೆ ಕ್ಯಾರೆಟ್ಟು, ಬೀಟ್‌ರೂಟು, ಸೇಬು ಸೇರಿಸಿದ ರಸ. ಎಲ್ಲವನ್ನೂ ಬಟ್ಟೆಯಲ್ಲಿ ಸೋಸಬೇಕು. ಮಜ್ಜಿಗೆ ಕೂಡ ಬೇಡ. ಕೊನೆಯಲ್ಲಿ ಮಾತ್ರೆಗಳ ಬಗ್ಗೆ ಒಂದೇ ಸಾಲು: "ಸದ್ಯಕ್ಕೆ ನಿಮ್ಮ ಮಾತ್ರೆಗಳನ್ನು ಮುಂದುವರಿಸಿ, ಕೋರ್ಸ್ ಮುಗಿದ ಮೇಲೆ ಅವುಗಳ ಅಗತ್ಯ ಬೀಳುವುದಿಲ್ಲ." ಓದಿದರೆ ಜವಾಬ್ದಾರಿಯ ಮಾತಿನ ಹಾಗೇ ಕಾಣುತ್ತದೆ. ನಮ್ಮನೆಯವರನ್ನು ಮಲಗಿಸಿದ್ದು ಇದೇ ಸಾಲು.

ಅವರು ನುಂಗುತ್ತಿದ್ದ ಸಕ್ಕರೆ ಮಾತ್ರೆ ಒಂದೇ, ಅದರೊಳಗೆ ಔಷಧಿ ಮೂರು: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ನಿಮ್ಮ ಮನೆಯ ಮಾತ್ರೆ ಪಟ್ಟಿ ತಿರುಗಿಸಿ ನೋಡಿ, ಇದೇ ಹೆಸರುಗಳು ಇದ್ದರೂ ಇರಬಹುದು. ಇದರಲ್ಲಿ ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ಬಿದ್ದದ್ದು ಮುದ್ದೆಯೋ ಬೂದುಗುಂಬಳದ ನೀರೋ ಎಂದು ಅದು ವಿಚಾರಿಸುವುದಿಲ್ಲ. ಬೂದುಗುಂಬಳದಲ್ಲಿ ಇರುವುದು ಬಹುಪಾಲು ನೀರೇ. ಇನ್ಸುಲಿನ್ ಬಂದು ನಿಂತಿದೆ, ಕರಗಿಸಲು ಊಟವಿಲ್ಲ. ರಕ್ತದಲ್ಲಿದ್ದ ಅಷ್ಟಿಷ್ಟು ಸಕ್ಕರೆಯೂ ಇಳಿಯುತ್ತಾ ಹೋಗುತ್ತದೆ. ಉಪವಾಸ ಹೇಳಿಕೊಟ್ಟವರು "ಯಾವ ಮಾತ್ರೆ ತಗೋತೀರಿ ಮೇಷ್ಟ್ರೇ" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇನ್ನೂ ಸಿಟ್ಟು ಬರುವ ವಿಷಯ ಬೇರೆ ಇದೆ. ಮೈ ಎಚ್ಚರಿಕೆ ಕೊಡಲಿಲ್ಲ ಅನ್ನುವ ಹಾಗಿಲ್ಲ. ಶುರುವಿನಲ್ಲೇ ತಲೆನೋವು ಬಂತು. ಹನ್ನೊಂದು ಗಂಟೆ ಹೊತ್ತಿಗೆ ಕೈ ನಡುಗುತ್ತಿತ್ತು, ಬೆನ್ನೆಲ್ಲ ಬೆವರು, ಸುಮ್ಮಸುಮ್ಮನೆ ಸಿಡುಕು. ನಾನು "ರೀ, ಒಂದು ತುತ್ತು ಅನ್ನ ಮೊಸರು ಆದ್ರೂ ತಿನ್ನಿ" ಅಂದರೆ, "ನಿಂಗೊತ್ತಾಗಲ್ಲ ಸುಮ್ನಿರೇ, ವಿಷ ಹೋಗ್ತಾ ಇದೆ" ಎಂದು ರೇಗುತ್ತಿದ್ದರು. ಅದನ್ನು ಅವರ ತಲೆಗೆ ತುಂಬಿದ್ದು ವಾಟ್ಸಾಪ್ ಗುಂಪು. ಯಾರು ಏನು ತೊಂದರೆ ಹೇಳಿಕೊಂಡರೂ ಉತ್ತರ ರೆಡಿ: ಇದು ಹೀಲಿಂಗ್ ಕ್ರೈಸಿಸ್, ಅಂದರೆ ವಾಸಿಯಾಗುವ ಮುನ್ನ ಬರುವ ಏರುಪೇರು, ಒಳ್ಳೆಯ ಲಕ್ಷಣ. ಬೆವರಿದರೆ ವಿಷ ಚರ್ಮದಿಂದ ಹೋಗುತ್ತಿದೆ. ತಲೆ ಸುತ್ತಿದರೆ ಹಳೆಯ ಮಾತ್ರೆಗಳ ಕಲ್ಮಶ ಕರಗುತ್ತಿದೆ. ಏನೂ ಆಗದಿದ್ದರೆ? ಪುಡಿ ಇನ್ನೊಂದು ಚಮಚ ಹಾಕಿ. ಅಂದರೆ ಹೇಗೆ ಬಿದ್ದರೂ ಗೆಲುವು ಅವರದೇ. ಅಪಾಯದ ಗುರುತುಗಳನ್ನೆಲ್ಲ ಯಶಸ್ಸಿನ ಗುರುತು ಎಂದು ಮೊದಲೇ ಹೇಳಿಬಿಟ್ಟರೆ, ಮನುಷ್ಯ ನಿಜವಾಗಿ ಕುಸಿಯುವಾಗ ಸಹಾಯ ಕೇಳುವುದಾದರೂ ಹೇಗೆ? ಬೇಡದ್ದನ್ನು ಹೊರಗೆ ಹಾಕಲು ಲಿವರ್ರು ಕಿಡ್ನಿ ಹಗಲೂ ರಾತ್ರಿ ಕೆಲಸ ಮಾಡುತ್ತವೆ, ಅದಕ್ಕೆ ಪೊಟ್ಟಣ ಬೇಕಾಗಿಲ್ಲ ಎಂದು ನಮ್ಮ ಮಗಳು ಫೋನಿನಲ್ಲಿ ಹೇಳಿ ಹೇಳಿ ಸೋತಳು.

ವಾರ ತುಂಬುವ ಮೊದಲೇ ಆಯಿತು. ಬೆಳಿಗ್ಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನನ್ನನ್ನು ನೋಡಿ, "ಹಾಜರಿ ಪುಸ್ತಕ ಎಲ್ಲಿಟ್ರಿ?" ಅಂದರು. ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನಾಲಿಗೆ ತೊದಲುತ್ತಿತ್ತು, ಅಂಗಿ ನೀರಲ್ಲಿ ಅದ್ದಿದ ಹಾಗೆ ಒದ್ದೆ. ಪಕ್ಕದ ಮನೆಯವರು ಲಕ್ವಾ ಹೊಡೆದಿದೆ ಅಂದರು. ಮನೆಯಲ್ಲಿ ಗ್ಲೂಕೋಮೀಟರ್ ಇತ್ತು, ಬೆರಳು ಚುಚ್ಚಿ ನೋಡಿದರೆ 41. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ನುಂಗುವಷ್ಟು ಎಚ್ಚರ ಇತ್ತು, ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆಯಾದರೂ ಮೀಟರು ಹೆಚ್ಚೇನೂ ಮೇಲೆ ಏರಲಿಲ್ಲ. ಆಮೇಲೆ ಡಾಕ್ಟರು ಹೇಳಿದರು: ವೋಗ್ಲಿಬೋಸ್, ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಯಲ್ಲಿ ಮಾಮೂಲಿ ಸಕ್ಕರೆ ಬೇಗ ಒಡೆಯುವುದಿಲ್ಲ, ಆ ಔಷಧಿಯ ಕೆಲಸವೇ ಅದನ್ನು ನಿಧಾನ ಮಾಡುವುದು. ಅಂಥವರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ನೀರಿಗೆ ಕದಡಿ ಕೊಡಬೇಕು. ಒಂದು ಡಬ್ಬಿ ಮನೆಯಲ್ಲಿಟ್ಟಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಕ್ಕೆ ಕಣ್ಣು ಬಿಟ್ಟು, ಏನೂ ಆಗಿಲ್ಲವೆಂಬಂತೆ "ಮನೆಗೆ ಹೋಗೋಣ ನಡಿ" ಅಂದರು. ಡ್ಯೂಟಿ ಡಾಕ್ಟರಮ್ಮ ಬಿಡಲಿಲ್ಲ. ಗ್ಲಿಮೆಪಿರೈಡ್ ಪ್ರಭಾವ ಒಂದಿಡೀ ದಿನ ಇರುತ್ತದೆ, ವಯಸ್ಸಾದವರ ಕಿಡ್ನಿ ನಿಧಾನವಾದರೆ ಇನ್ನೂ ಹೆಚ್ಚು ಹೊತ್ತು, ಸಕ್ಕರೆ ಮತ್ತೆ ಇಳಿಯುತ್ತದೆ ಅಂದರು. ಹೇಳಿದ ಹಾಗೇ ನಡುರಾತ್ರಿ ಮತ್ತೆ ಐವತ್ತರ ಆಸುಪಾಸಿಗೆ ಬಂತು. ಅಷ್ಟರಲ್ಲಿ ಮನೆಗೆ ಕರೆತಂದಿದ್ದರೆ ನಿದ್ದೆಯಲ್ಲೇ ಏನಾಗುತ್ತಿತ್ತೋ.

ರಕ್ತಪರೀಕ್ಷೆಯಲ್ಲಿ ಇನ್ನೊಂದು ಹೊರಬಿತ್ತು. ಪೊಟ್ಯಾಸಿಯಂ 6.1. ಇರಬೇಕಾದದ್ದು 3.5ರಿಂದ 5ರ ಆಸುಪಾಸು. ತಕ್ಷಣ ಇಸಿಜಿ ತೆಗೆದರು, ಯಾಕೆಂದರೆ ಇದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬಿಪಿಗೆ ಅವರು ತೆಗೆದುಕೊಳ್ಳುವುದು ಟೆಲ್ಮಿಸಾರ್ಟನ್. ಆ ಜಾತಿಯ ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸಿಕೊಳ್ಳುತ್ತವೆ. ಅದರ ಮೇಲೆ ದಿನಕ್ಕೆರಡು ಎಳನೀರು, ಬೀಟ್‌ರೂಟ್ ರಸ. ನೂರು ಮಿಲಿ ಎಳನೀರಿನಲ್ಲೇ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗಿನ ಸೀಮೆಯಲ್ಲಿ ಕೂತು ಎಳನೀರು ಕೆಟ್ಟದ್ದು ಅಂದರೆ ಜನ ನಗುತ್ತಾರೆ, ನಾನೂ ಹಾಗೆ ಅನ್ನುವುದಿಲ್ಲ. ಕಿಡ್ನಿ ಚೆನ್ನಾಗಿರುವವರು ಬಿಸಿಲಲ್ಲಿ ಬಂದು ಒಂದು ಕುಡಿದರೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಈ ಮಾತ್ರೆ ನುಂಗುವ ವಯಸ್ಸಾದವರು ಅದನ್ನೇ ಊಟದ ಬದಲು ಕುಡಿಯುವುದು ಬೇರೆ ವಿಷಯ.

ಡಾಪಾಗ್ಲಿಫ್ಲೋಜಿನ್ ತರಹದ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದಲ್ಲಿ ಆಮ್ಲ ಸೇರಿಕೊಳ್ಳಬಹುದಂತೆ, ಆಗ ಸಕ್ಕರೆ ಮೀಟರು ತೋರಿಸುವ ಅಂಕಿ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ ಎಂದೂ ಡಾಕ್ಟರಮ್ಮ ಹೇಳಿದರು. ವಾಕಿಂಗ್ ಗೆಳೆಯರಲ್ಲಿ ಒಬ್ಬರ ಚೀಟಿಯಲ್ಲಿ ಆ ಹೆಸರೇ ಇತ್ತು. ಅವರು ಅವತ್ತೇ ಉಪವಾಸ ನಿಲ್ಲಿಸಿದರು.

ಸೋರೆಕಾಯಿ ರಸದ ಬಗ್ಗೆಯೂ ಹೇಳಿಬಿಡುತ್ತೇನೆ. ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಇರುತ್ತದೆ. 2010ರಲ್ಲಿ ದೆಹಲಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿ ಮಾಡಿತು. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ. ರಸ ತೆಗೆಯುವ ಮೊದಲು ಒಂದು ಚೂರು ಕಚ್ಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿ ಬಿಸಾಡಬೇಕು. ಸಾರಿಗೆ ಹಾಕುವಾಗ ನಾವು ಹೆಂಗಸರು ಚೂರು ಬಾಯಿಗೆ ಹಾಕಿ ನೋಡಿಯೇ ಹಾಕುತ್ತೇವೆ. ಶಿಬಿರದವರು ಹೇಳಿದ್ದು, ಕಹಿಯಾದಷ್ಟೂ ಸಕ್ಕರೆಗೆ ಒಳ್ಳೆಯದು ಎಂದು!

ಉಪವಾಸ ನಮಗೇನು ಹೊಸದೇ ಎಂದು ಕೇಳುವವರಿದ್ದಾರೆ. ನಮ್ಮತ್ತೆ ಏಕಾದಶಿ, ಶಿವರಾತ್ರಿ ತಪ್ಪಿಸಿದವರಲ್ಲ. ಅವರು ಒಂದು ಮಾತ್ರೆಯನ್ನೂ ನುಂಗುತ್ತಿರಲಿಲ್ಲ, ಮಾರನೆಯ ದಿನ ಪಾರಣೆಗೆ ಕೂತು ಊಟ ಮಾಡುತ್ತಿದ್ದರು. ನಮ್ಮ ಎದುರು ಮನೆಯ ಚಾಚಾ ಅವರಿಗೂ ಸಕ್ಕರೆ ಕಾಯಿಲೆ. ರಂಜಾನ್ ಇನ್ನೂ ತಿಂಗಳಿರುವಾಗಲೇ ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಹೊತ್ತು, ಪ್ರಮಾಣ ಎಲ್ಲ ಬದಲಾಯಿಸಿಕೊಂಡು ಬರುತ್ತಾರೆ. ರೋಜಾ ಇದ್ದಾಗ ಸಕ್ಕರೆ ಎಪ್ಪತ್ತಕ್ಕಿಳಿದರೆ ಅಲ್ಲಿಗೇ ಮುರಿಯಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಆಸ್ಪತ್ರೆಗೆ ನೋಡಲು ಬಂದವರು, "ಮೇಷ್ಟ್ರೇ, ಡಾಕ್ಟ್ರನ್ನ ಕೇಳದೆ ನಾವೇ ಮಾಡಲ್ಲವಲ್ಲ" ಅಂದರು. ಅದಕ್ಕೆ ನಮ್ಮನೆಯವರ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಸುಧಾರಿಸಲಿಲ್ಲ. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಉಪವಾಸದಲ್ಲಿ ತೂಕ ನಾಲ್ಕು ಕಿಲೋ ಇಳಿದಾಗ ಗುಂಪಿನಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದ್ದರು. ಅಷ್ಟು ಬೇಗ ಇಳಿಯುವುದರಲ್ಲಿ ಬಹುಪಾಲು ನೀರು, ಜೊತೆಗೆ ಮಾಂಸಖಂಡ. ಈ ವಯಸ್ಸಿನಲ್ಲಿ ಕರಗಿದ ಖಂಡ ಸುಲಭಕ್ಕೆ ವಾಪಸು ಬರುವುದಿಲ್ಲ. ಐಸಿಎಂಆರ್ ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋ ಇರುವವರಿಗೆ ಹತ್ತಿರಹತ್ತಿರ 50 ಗ್ರಾಂ. ಸೋಸಿದ ಆ ರಸಗಳಲ್ಲಿ ಅದು ಚೂರುಪಾರು ಇದ್ದರೆ ಹೆಚ್ಚು. ಈಗ ಕಾಳು, ಮೊಸರು, ಹುರಿಗಡಲೆ ಎಂದು ಒತ್ತಾಯ ಮಾಡಿ ತಿನ್ನಿಸುತ್ತಿದ್ದೇನೆ. ಬೂದುಗುಂಬಳ ನಮ್ಮನೆಗೆ ಈಗಲೂ ಬರುತ್ತದೆ, ಮಜ್ಜಿಗೆಹುಳಿಗೆ.

ಪುಡಿಯ ದುಡ್ಡು ವಾಪಸು ಕೇಳಲು ನಮ್ಮ ಅಳಿಯಂದಿರು ಫೋನ್ ಮಾಡಿದ್ದರು. ಆಸ್ಪತ್ರೆಯ ಕಾಗದಗಳನ್ನೂ ಕಳಿಸಿದರು. ಆ ಕಡೆಯಿಂದ ಬಂದ ಉತ್ತರ: "ಸರ್, ಅವರು ಕೋರ್ಸ್ ಪೂರ್ತಿ ಮಾಡಲಿಲ್ಲವಲ್ಲ, ಮಧ್ಯದಲ್ಲೇ ನಿಲ್ಲಿಸಿದ್ದಕ್ಕೆ ಹೀಗಾಗಿದೆ." ಮರುದಿನ ನಮ್ಮನೆಯವರ ನಂಬರನ್ನು ಗುಂಪಿನಿಂದ ತೆಗೆದುಹಾಕಿದ್ದರು. ಮುಂದಿನ ಶಿಬಿರ ದಸರಾ ಕಳೆದ ಮೇಲೆ, ಅದೇ ಮಂಟಪದಲ್ಲಂತೆ. ಹೋಗುವವರು ನಿಮ್ಮ ಮಾತ್ರೆ ಚೀಟಿ ಜೊತೆಗೆ ಒಯ್ದು ವೇದಿಕೆಯ ಮೇಲಿರುವವರ ಕೈಗೆ ಕೊಡಿ, ಒಂದೊಂದು ಮಾತ್ರೆಯೂ ಏನು ಮಾಡುತ್ತದೆಂದು ಎಲ್ಲರಿಗೂ ಕೇಳುವ ಹಾಗೆ ಮೈಕಿನಲ್ಲೇ ಹೇಳಲು ಹೇಳಿ.